ಕಾಣದ್ದನ್ನೂ ನೆನೆಯುವ ಮುದುಕ

ಪ್ರಶ್ನೆ: ಇಂಗ್ಮಾರ್ ಬರ್ಗ್‌ಮನ್ ನಿರ್ದೇಶನದ ‘ವೈಲ್ಡ್ ಸ್ಟ್ರಾಬೆರೀಸ್’ (1957) ಚಿತ್ರದ ನೆನಪಿನ ದೃಶ್ಯಗಳಲ್ಲಿ ಉಳಿದವರೆಲ್ಲ ಹರೆಯದವರಾಗಿದ್ದರೂ ನಾಯಕ ಇಸಾಕ್ ಬೋರ್ಗ್ ಮಾತ್ರ ಮುದುಕನಾಗಿಯೇ ಕಾಣಿಸಿಕೊಳ್ಳುವುದೇಕೆ? ಅವನ ಯೌವನದ ಪಾತ್ರವನ್ನು ಬೇರೊಬ್ಬ ನಟನಿಗೆ ಕೊಡಬಹುದಿತ್ತಲ್ಲವೇ?

ಉತ್ತರ: ಕೊಡಬಹುದಿತ್ತು, ಆದರೆ ಆಗ ಅದು ಸಾಧಾರಣ ಪ್ರೇಮಭಂಗದ ಕಥೆಯಾಗಿಬಿಡುತ್ತಿತ್ತು. ಡಾಕ್ಟರೇಟ್ ಪಡೆದು 50 ವರ್ಷ ತುಂಬಿದ್ದಕ್ಕಾಗಿ ಸಲ್ಲುವ ಗೌರವವನ್ನು ಸ್ವೀಕರಿಸಲು ಈ ವೃದ್ಧ ವೈದ್ಯ ಸೊಸೆ ಮರಿಯಾನ್ನೆಯೊಡನೆ ಸ್ಟಾಕ್‌ಹೋಮ್‌ನಿಂದ ಲುಂಡ್‌ಗೆ ಕಾರಿನಲ್ಲಿ ಹೊರಟು, ದಾರಿಯಲ್ಲಿ ತಾನು ಎಳವೆಯ ಬೇಸಿಗೆಗಳನ್ನು ಕಳೆದ ಮನೆಯ ಬಳಿ ಇಳಿಯುತ್ತಾನೆ. ಗುಟ್ಟಾಗಿ ತನ್ನೊಡನೆ ಮದುವೆ ನಿಶ್ಚಯ ಮಾಡಿಕೊಂಡಿದ್ದ ಸಾರಾ ಅಲ್ಲಿ ಹಣ್ಣು ಆಯುತ್ತಿರುವುದೂ, ತನ್ನ ಸೋದರ ಸಿಗ್‌ಫ್ರಿಡ್ ಬಂದು ಅವಳಿಗೆ ಮುತ್ತಿಡುವುದೂ ಅವನ ಕಣ್ಣೆದುರಿಗೇ ನಡೆಯುತ್ತದೆ. ಆದರೆ ಆ ದಿನ ಇಸಾಕ್ ತಂದೆಯ ಜೊತೆ ಮೀನು ಹಿಡಿಯಲು ಹೋಗಿದ್ದನೆಂದು ಚಿತ್ರವೇ ಹೇಳುತ್ತದೆ. ಅಂದರೆ ಅವನು ನೆನೆಯುತ್ತಿರುವುದು ಕಂಡದ್ದನ್ನಲ್ಲ. ಕಾಣದೇ ಉಳಿದದ್ದನ್ನು ಈ ವಯಸ್ಸಿನಲ್ಲಿ ಕೂತು ಕಟ್ಟಿಕೊಳ್ಳುತ್ತಿದ್ದಾನೆ. ತಾನಿರದ ಜಾಗದಲ್ಲಿ ತನ್ನ ಯೌವನವನ್ನು ಅವನು ಎಲ್ಲಿಂದ ತಂದು ನಿಲ್ಲಿಸಬೇಕು?

ಇದಕ್ಕೆ ಎದುರಾಗಿ, ಮುಂದೆ ಕನಸಿನಲ್ಲಿ ಬರುವ ಹೆಂಡತಿಯ ಪ್ರಸಂಗವನ್ನು ಗಮನಿಸಿ. ಕಾಡಿನಲ್ಲಿ ಅವಳು ಪರಪುರುಷನ ಜೊತೆಗಿದ್ದುದನ್ನು ಇಸಾಕ್ ಅಂದು ನಿಜವಾಗಿಯೂ ಕಂಡಿದ್ದ, ಆದರೆ ಮರೆಯಲ್ಲಿ ನಿಂತು ನೋಡಿದನೇ ಹೊರತು ಎದುರಿಗೆ ಹೋಗಲಿಲ್ಲ. ಹೇಳಿಕೊಂಡರೆ ಗಂಡ ಕ್ಷಮಿಸಿದಂತೆ ಮಾತಾಡುತ್ತಾನೆ, ಒಳಗೆ ಅವನಿಗೆ ಏನೂ ತಟ್ಟುವುದಿಲ್ಲ ಎಂದು ಅವಳು ಆಡುವ ಮಾತು ನನ್ನ ದೃಷ್ಟಿಯಲ್ಲಿ ಇಡೀ ಚಿತ್ರದ ಅತ್ಯಂತ ಕಠಿಣವಾದ ಆರೋಪ. ಚಿತ್ರದ ಆರಂಭದಲ್ಲಿ ಇಸಾಕ್ ಕಾಣುವ, ಮುಳ್ಳಿಲ್ಲದ ಗಡಿಯಾರದ ಪ್ರಸಿದ್ಧ ಕನಸಿಗಿಂತ ನನಗೆ ಇದೇ ಹೆಚ್ಚು ಭಯಾನಕವಾಗಿ ತೋರುತ್ತದೆ. ಇಲ್ಲದಿದ್ದಾಗಲೂ ಇದ್ದಾಗಲೂ ಪ್ರೇಕ್ಷಕನಾಗಿಯೇ ಉಳಿದವನ ಪಶ್ಚಾತ್ತಾಪವನ್ನು ತೋರಿಸಲು, ಯಾರ ಕಣ್ಣಿಗೂ ಬೀಳದೆ ಬಾಗಿಲ ಬಳಿ ನಿಂತ ಮುದುಕನಿಗಿಂತ ತಕ್ಕ ರೂಪ ಬೇರೊಂದಿಲ್ಲ.

ಪ್ರಶ್ನೆ: ಆ ಹಿರಿಯ ನಟ ಯಾರು?

ಉತ್ತರ: ವಿಕ್ಟರ್ ಶೋಸ್ಟ್ರೋಮ್. 1879ರಲ್ಲಿ ಹುಟ್ಟಿದ ಇವರು ಸ್ವೀಡನ್ನಿನ ಮೂಕಿಚಿತ್ರ ಯುಗದ ದೊಡ್ಡ ನಿರ್ದೇಶಕರು. ಸತ್ತವರ ಆತ್ಮಗಳನ್ನು ಒಯ್ಯುವ ಗಾಡಿಯ ಕಥೆಯಾದ ‘ದಿ ಫ್ಯಾಂಟಮ್ ಕ್ಯಾರೇಜ್’ (1921) ಇವರದೇ. ಬರ್ಗ್‌ಮನ್‌ಗೆ ಆ ಚಿತ್ರದ ಮೇಲೆ ಅಪಾರ ಗೌರವವಿದ್ದುದರಿಂದ, ಇಸಾಕ್‌ನ ಆ ಗಡಿಯಾರದ ಕನಸಿನಲ್ಲೇ ಬರುವ ಶವದ ಗಾಡಿಯನ್ನು ಗುರುವಂದನೆ ಎಂದೂ ನೋಡಬಹುದು. ಶೋಸ್ಟ್ರೋಮ್ 1960ರಲ್ಲಿ ತೀರಿಕೊಂಡರು.

ಪ್ರಶ್ನೆ: ಕೊನೆಗೆ ಇಸಾಕ್ ಬದಲಾಗುತ್ತಾನೆಯೇ?

ಉತ್ತರ: ಬದಲಾಗಲು ಹೊರಡುತ್ತಾನೆ ಎನ್ನುವುದು ಸರಿಯಾದೀತು. ಹಲವು ವಿಮರ್ಶಕರು ಮುಕ್ತಾಯವನ್ನು ಪೂರ್ಣ ಸಮಾಧಾನವೆಂದು ಓದುತ್ತಾರೆ; ನಾನು ಅಷ್ಟು ದೂರ ಹೋಗಲಾರೆ. ಸೊಸೆಯೊಡನೆ ಅವನ ಸಂಬಂಧ ನಿಜಕ್ಕೂ ಹದಗೊಳ್ಳುತ್ತದೆ. ಆದರೆ ಮನೆ ನೋಡಿಕೊಳ್ಳುವ ಆಗ್ಡಾಳೊಡನೆ, ಇನ್ನು ಮೇಲೆ ಗೌರವದ ಸಂಬೋಧನೆ ಬಿಟ್ಟು ಸಲಿಗೆಯಿಂದ ಮಾತಾಡೋಣವೆಂದು ಅವನು ಸೂಚಿಸಿದಾಗ ಅವಳು ಚೊಕ್ಕವಾಗಿ ನಿರಾಕರಿಸುತ್ತಾಳೆ (ಚಿತ್ರದಲ್ಲಿ ನಗು ಬರುವ ಕೆಲವೇ ಜಾಗಗಳಲ್ಲಿ ಇದೊಂದು). ಮಗ ಎವಾಲ್ಡ್‌ನ ವಿಷಯದಲ್ಲಿ ನಗುವುದಕ್ಕೂ ಆಗುವುದಿಲ್ಲ. ಹಿಂದೆ ಮಗನಿಗೆ ಸಾಲ ಕೊಟ್ಟು, ಅದು ತೀರಲೇಬೇಕೆಂದು ಪಟ್ಟು ಹಿಡಿದಿದ್ದ ತಂದೆ ಆ ರಾತ್ರಿ ಅದೇ ಮಾತೆತ್ತುತ್ತಾನೆ, ಬಹುಶಃ ಬಿಟ್ಟುಬಿಡು ಎನ್ನಲು. ಮಾತು ಮುಗಿಯುವ ಮೊದಲೇ ಮಗ ನಿಮ್ಮ ಹಣ ನಿಮಗೆ ಬರುತ್ತದೆ ಎಂದುಬಿಡುತ್ತಾನೆ. ಇಷ್ಟು ವರ್ಷ ಲೆಕ್ಕವನ್ನಷ್ಟೇ ಕೇಳಿಸಿಕೊಂಡ ಮಗನಿಗೆ ಆ ದನಿಯಲ್ಲಿ ಬೇರೇನಾದರೂ ಕೇಳಿಸೀತೆಂದು ನಿರೀಕ್ಷಿಸುವುದು ನ್ಯಾಯವಲ್ಲ, ಮತ್ತು ಬರ್ಗ್‌ಮನ್ ಅದನ್ನು ನಿರೀಕ್ಷಿಸುವುದೂ ಇಲ್ಲ.