ಕುದುರೆ (ಟ್ರಿಗರ್) ಮುಟ್ಟದೆಯೇ ಈಡು ಹಾರಿತು, ಅಜ್ಜನ ಪಿಸ್ತೂಲಿಗೆ ಏನಾಗಿದೆ?

ಪ್ರಶ್ನೆ: ನಮ್ಮದು ಮೂಡಿಗೆರೆ ಕಡೆ ಸಣ್ಣ ಕಾಫಿ ತೋಟ. ಅಜ್ಜನ ಕಾಲದ ಕೋಲ್ಟ್ 1903 ಪಿಸ್ತೂಲು ಇದೆ, ಪಾಯಿಂಟ್ 32. ಅಪ್ಪ ತೀರಿಕೊಂಡ ಮೇಲೆ ಲೈಸೆನ್ಸ್ ನನ್ನ ಹೆಸರಿಗೆ ಬಂತು. ಬಹಳ ವರ್ಷ ಅದು ಚರ್ಮದ ಚೀಲದಲ್ಲೇ ಇತ್ತು. ಹೋದ ತಿಂಗಳು ರೇಂಜಿನಲ್ಲಿ ಹೊಡೆದು ನೋಡಿದೆ. ಸ್ಲೈಡ್ (ಮೇಲೆ ಹಿಂದೆ ಮುಂದೆ ಸರಿಯುವ ಭಾಗ) ಎಳೆದು ಬಿಟ್ಟ ಕೂಡಲೇ, ಕುದುರೆ ಮುಟ್ಟದೆಯೇ ಈಡು ಹಾರಿತು. ಆಮೇಲೆ ಒಮ್ಮೆ ಕುದುರೆ ಒತ್ತಿದ್ದಕ್ಕೆ ಎರಡು ಗುಂಡು ಹೋದವು. ಕೊನೆಯ ಈಡು ಠುಸ್ ಎಂದಿತು, ಖಾಲಿ ಕೇಸ್ (ಕಾಡತೂಸಿನ ಹಿತ್ತಾಳೆ ಕವಚ) ಹೊರಗೆ ಬರಲಿಲ್ಲ. ಹೆದರಿ ನಿಲ್ಲಿಸಿ, ಮ್ಯಾಗಜಿನ್ (ಗುಂಡು ತುಂಬುವ ಡಬ್ಬಿ) ತೆಗೆದು ಮನೆಗೆ ತಂದಿಟ್ಟಿದ್ದೇನೆ. ಸ್ಪ್ರಿಂಗ್ ಬದಲಿಸಿದರೆ ಸಾಕು ಅಂತ ಗೆಳೆಯರು ಹೇಳುತ್ತಾರೆ. ನಾನೇ ಬಿಚ್ಚಲೇ?

ಉತ್ತರ: ಬಿಚ್ಚಬೇಡಿ. ಅಲ್ಲಿಗೇ ನಿಲ್ಲಿಸಿದ್ದು ಬಹಳ ಒಳ್ಳೆಯದಾಯಿತು. ನೀವು ಹೇಳಿದ ಮೂರರಲ್ಲಿ ನನಗೆ ಜಾಸ್ತಿ ಭಯ ಹುಟ್ಟಿಸಿದ್ದು ಕೊನೆಯದು, ಆ ಠುಸ್ ಎಂಬ ಸದ್ದು. ಅದನ್ನೇ ಮೊದಲು ನೋಡೋಣ.

ಕಾಡತೂಸಿನ ಮದ್ದು ತೇವ ಹಿಡಿದು ಕೆಟ್ಟಿದ್ದರೆ ಪ್ರೈಮರ್ (ಕಾಡತೂಸಿನ ಬುಡದಲ್ಲಿ ಮದ್ದಿಗೆ ಕಿಡಿ ಕೊಡುವ ಬಿಲ್ಲೆ) ಸಿಡಿದರೂ ಗುಂಡನ್ನು ಹೊರಗೆ ತಳ್ಳುವಷ್ಟು ಬಲ ಬರುವುದಿಲ್ಲ. ಗುಂಡು ನಳಿಗೆಯ ಮಧ್ಯದಲ್ಲಿ ಸಿಕ್ಕಿಕೊಳ್ಳುತ್ತದೆ. ಈ ಪಿಸ್ತೂಲಿನಲ್ಲಿ ಸ್ಲೈಡನ್ನು ಹಿಂದಕ್ಕೆ ದೂಡುವುದೂ ಅದೇ ಬಲ. ಬಲ ಸಾಲದಿದ್ದರೆ ಸ್ಲೈಡ್ ಪೂರ್ತಿ ಓಡುವುದಿಲ್ಲ, ಕೇಸ್ ಒಳಗೇ ಉಳಿಯುತ್ತದೆ. ನೀವು ಕಂಡದ್ದು ಹೆಚ್ಚುಕಡಿಮೆ ಇದೇ. ಆಗ ಕೈಯಲ್ಲಿ ಸ್ಲೈಡ್ ಎಳೆದು ಇನ್ನೊಂದು ಈಡು ಹೊಡೆದಿದ್ದರೆ ಹಿಂದಿನ ಗುಂಡು ಮುಂದಿನದಕ್ಕೆ ಅಡ್ಡ ನಿಂತು ನಳಿಗೆ ಉಬ್ಬುತ್ತಿತ್ತು, ಇಲ್ಲವೇ ಸೀಳುತ್ತಿತ್ತು. ಸೇನೆಯಲ್ಲಿ ಆರ್ಮರರ್ (ಆಯುಧ ರಿಪೇರಿಗಾರ) ಆಗಿದ್ದಾಗ ಹಾಗೆ ಉಬ್ಬಿದ ನಳಿಗೆಗಳನ್ನು ನೋಡಿದ್ದೇನೆ. ಒಳಗೆ ಕಪ್ಪು ಬಳೆಯ ಹಾಗೆ ಒಂದು ಸುತ್ತು ಕಾಣುತ್ತದೆ. ಹೊಡೆದವರ ಬೆರಳು ಉಳಿದದ್ದೇ ಪುಣ್ಯ.

ಹಾಗಾಗಿ ಈಗ ನಿಮ್ಮ ನಳಿಗೆಯಲ್ಲಿ ಗುಂಡು ಇದೆ ಎಂದೇ ತಿಳಿಯಿರಿ. ನಳಿಗೆಯ ಬಾಯಿಂದ ಕಡ್ಡಿ ತೂರಿಸಿ ಕುಟ್ಟಬೇಡಿ. ಅದನ್ನು ತೆಗೆಯುವುದು ಕೋವಿ ರಿಪೇರಿಯವರ ಕೆಲಸ.

ಇನ್ನು ಸ್ಲೈಡ್ ಬಿಟ್ಟಾಗ ಹಾರಿದ ಈಡು. ಇದಕ್ಕೆ ಮುಖ್ಯವಾಗಿ ಎರಡು ಕಾರಣ. ಒಂದು, ಹಳೆಯ ಎಣ್ಣೆ ಅಂಟಾಗಿ ಫೈರಿಂಗ್ ಪಿನ್ (ಪ್ರೈಮರಿಗೆ ಚುಚ್ಚುವ ಮೊಳೆ) ಮುಂದಕ್ಕೆ ಸಿಕ್ಕಿಕೊಂಡಿರುತ್ತದೆ. ಸ್ಲೈಡ್ ರಭಸದಿಂದ ಮುಚ್ಚಿದಾಗ ಪ್ರೈಮರ್ ನೇರವಾಗಿ ಪಿನ್‌ಗೆ ಬಡಿಯುತ್ತದೆ. ಎರಡನೆಯದು, ಪಿನ್‌ಗೆ ಹೊಡೆಯುವ ಹ್ಯಾಮರನ್ನು ಹಿಡಿದು ನಿಲ್ಲಿಸುವ ಸಿಯರ್ ಎಂಬ ಸಣ್ಣ ಭಾಗದ ಅಂಚು ಸವೆದಿರುತ್ತದೆ. ಸ್ಲೈಡ್ ಬಡಿದ ಅದುರಿಗೆ ಹ್ಯಾಮರ್ ಜಾರಿ ಬೀಳುತ್ತದೆ. ನಿಮ್ಮದರಲ್ಲಿ ಒಂದು ಒತ್ತಿಗೆ ಎರಡು ಗುಂಡು ಹೋದದ್ದರಿಂದ ನನ್ನ ಅನುಮಾನ ಸಿಯರ್ ಮೇಲೇ ಜಾಸ್ತಿ. ಪ್ರತಿ ಈಡಿನ ನಂತರ ಕುದುರೆ ಮತ್ತು ಸಿಯರ್ ನಡುವಿನ ಸಂಪರ್ಕ ತಪ್ಪಿಸುವ ಡಿಸ್‌ಕನೆಕ್ಟರ್ ಎಂಬ ಭಾಗವೂ ಸವೆದಿರಬಹುದು. ಹೊರಗಿನಿಂದ ನೋಡಿ ಇದನ್ನು ಬೇರ್ಪಡಿಸಿ ಹೇಳಲು ಆಗುವುದಿಲ್ಲ. ರೇಂಜಿನಲ್ಲಿ ಬಿದ್ದ ಖಾಲಿ ಕೇಸ್‌ಗಳನ್ನು ಎತ್ತಿಟ್ಟುಕೊಂಡಿದ್ದರೆ ರಿಪೇರಿಯವರಿಗೆ ಕೊಡಿ. ಪ್ರೈಮರ್ ಮೇಲಿನ ಗುಳಿ ಎಷ್ಟು ಆಳ, ಬುಡ ಉಬ್ಬಿದೆಯೇ ಎಂಬುದರಿಂದ ಅವರಿಗೆ ಬಹಳ ಗೊತ್ತಾಗುತ್ತದೆ.

ಗೆಳೆಯರ ಮಾತಿನಲ್ಲಿ ಅರ್ಧ ಸತ್ಯ ಇದೆ. ಸ್ಪ್ರಿಂಗ್ ಸೋತಿರಬಹುದು. ಆದರೆ ಸವೆದ ಸಿಯರ್ ಹಾಗೇ ಇಟ್ಟು ಬಿಗಿಯಾದ ಹೊಸ ಸ್ಪ್ರಿಂಗ್ ಹಾಕಿದರೆ ಸ್ಲೈಡ್ ಇನ್ನೂ ಜೋರಾಗಿ ಬಡಿಯುತ್ತದೆ. ತೊಂದರೆ ಕಡಿಮೆಯಾಗುವ ಬದಲು ಹೆಚ್ಚಾಗುತ್ತದೆ.

ಈ ಮಾದರಿಯ ಬಗ್ಗೆ ನಿಮಗೆ ಒಂದು ವಿಷಯ ಗೊತ್ತಿರಲೇಬೇಕು. ಅಮೆರಿಕದ ಶಸ್ತ್ರ ವಿನ್ಯಾಸಕ ಜಾನ್ ಬ್ರೌನಿಂಗ್ ರೂಪಿಸಿದ ಈ ಪಿಸ್ತೂಲಿನ ಹ್ಯಾಮರ್ ಸ್ಲೈಡಿನ ಒಳಗೆ ಅಡಗಿರುತ್ತದೆ. ಎಳೆದು ನಿಂತಿದೆಯೋ ಇಲ್ಲವೋ ಕಣ್ಣಿಗೆ ಕಾಣುವುದಿಲ್ಲ. ಕೊನೆಯ ಗುಂಡು ಮುಗಿದರೂ ಸ್ಲೈಡ್ ತೆರೆದು ನಿಲ್ಲುವುದಿಲ್ಲ. ಹೆಬ್ಬೆರಳಿನ ಸೇಫ್ಟಿ (ಈಡು ಹಾರದಂತೆ ಹಾಕುವ ತಡೆ) ಹಾಕಿದರೆ ಸ್ಲೈಡ್ ಕೂಡ ಬಿಗಿಯುತ್ತದೆ. ಅಂದರೆ ಗುಂಡು ತುಂಬುವಾಗ, ತೆಗೆಯುವಾಗ ಸೇಫ್ಟಿ ಬಿಚ್ಚಲೇಬೇಕು. ಹಿಡಿಕೆಯ ಸೇಫ್ಟಿಯಂತೂ ಕೈಯಲ್ಲಿ ಹಿಡಿದ ಕೂಡಲೇ ಒತ್ತಿಹೋಗುತ್ತದೆ. ಮ್ಯಾಗಜಿನ್ ತೆಗೆದರೆ ಈಡು ಹಾರದಂತೆ ತಡೆಯುವ ವ್ಯವಸ್ಥೆ ಬಂದದ್ದು 1926ರ ಸುಮಾರಿಗೆ. ಅದಕ್ಕಿಂತ ಹಳೆಯದಾದರೆ ಮ್ಯಾಗಜಿನ್ ಇಲ್ಲದೆಯೂ ಚೇಂಬರಿನ, ಅಂದರೆ ನಳಿಗೆಯ ಬುಡದಲ್ಲಿ ಕೂತ, ಗುಂಡು ಹಾರುತ್ತದೆ. ‘ಮ್ಯಾಗಜಿನ್ ತೆಗೆದಿದ್ದೇನೆ’ ಎಂದು ಬರೆದಿದ್ದೀರಲ್ಲ, ಅಷ್ಟು ಸಾಲದು.

ಹೀಗೆ ಮಾಡಿ. ಮನೆಯವರನ್ನು ದೂರ ಕಳಿಸಿ. ಅಂಗಳದಾಚೆ ಮೆತ್ತನೆಯ ಮಣ್ಣಿನ ದಿಬ್ಬಕ್ಕೆ ನಳಿಗೆ ಗುರಿಯಿಟ್ಟು, ಬೆರಳನ್ನು ಕುದುರೆಯಿಂದ ಹೊರಗಿಟ್ಟು, ಸ್ಲೈಡನ್ನು ನಿಧಾನವಾಗಿ ಹಿಂದೆಳೆಯಿರಿ. ಕೇಸ್ ಹೊರಗೆ ಬೀಳಲಿ. ಚೇಂಬರ್ ಖಾಲಿ ಇರುವುದನ್ನು ಕಣ್ಣಾರೆ ನೋಡಿ. ಸ್ಲೈಡ್ ಸಿಕ್ಕಿಕೊಂಡರೆ ಬಲವಂತ ಮಾಡಬೇಡಿ, ಹಾಗೇ ಬೀಗ ಹಾಕಿಟ್ಟು ರಿಪೇರಿಯವರಿಗೆ ಫೋನ್ ಮಾಡಿ. ರಿಪೇರಿ ಮಾಡಲು ಲೈಸೆನ್ಸ್ ಇರುವ ಡೀಲರ್‌ಗೆ ಮಾತ್ರ ಕೊಡಿ, ನಿಮ್ಮ ಲೈಸೆನ್ಸ್ ಜೊತೆಗಿರಲಿ. ಊರಿನ ಕಮ್ಮಾರ ಎಷ್ಟೇ ಜಾಣನಾದರೂ ಬೇಡ. 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಕೋವಿ ರಿಪೇರಿಗೂ ಲೈಸೆನ್ಸ್ ಬೇಕು. ಸಿಯರ್ ಅಂಚಿಗೆ ಅರದಿಂದ ಎರಡು ಸಲ ಉಜ್ಜಿದರೂ ಪಿಸ್ತೂಲು ಇನ್ನಷ್ಟು ಕೆಡುತ್ತದೆ.

ಹಳೆಯ ಕಾಡತೂಸುಗಳನ್ನೂ ಅವರಿಗೇ ತೋರಿಸಿ. ಮಲೆನಾಡಿನ ಮಳೆಗಾಲದಲ್ಲಿ ಚರ್ಮದ ಚೀಲ ನೀರಿನ ಪಸೆ ಹೀರಿ ಹಿಡಿದುಕೊಳ್ಳುತ್ತದೆ. ಕಬ್ಬಿಣಕ್ಕೆ ತುಕ್ಕು, ಹಿತ್ತಾಳೆಗೆ ಹಸಿರು ಕಿಲುಬು. ಚೀಲ ಬೇರೆ, ಪಿಸ್ತೂಲು ಬೇರೆ ಇಡಿ. ಇನ್ನೊಂದು ಮಾತು: ರಿವಾಲ್ವರಿಗೂ ‘ಪಾಯಿಂಟ್ 32’ ಅಂತಲೇ ಹೇಳುತ್ತಾರೆ, ಆದರೆ ಆ ಕಾಡತೂಸು ಬೇರೆ. ನಿಮ್ಮದು 7.65 ಮಿಲಿಮೀಟರಿನ ಪಿಸ್ತೂಲಿನದು. ಅಂಗಡಿಯಲ್ಲಿ ಕೇಳುವಾಗ ಬಿಡಿಸಿ ಹೇಳಿ.

ರಿಪೇರಿಯಾಗಿ ಬಂದ ಮೇಲೆ ರೇಂಜಿನಲ್ಲಿ ಮೊದಲು ಮ್ಯಾಗಜಿನ್‌ಗೆ ಒಂದೇ ಕಾಡತೂಸು ಹಾಕಿ. ಸ್ಲೈಡ್ ಬಿಡುವಾಗ ನಳಿಗೆ ಗುರಿಯ ಕಡೆಗೇ ಇರಲಿ. ಹಲವು ಸಲ ಹಾಗೆ ಸರಿಯಾಗಿ ನಡೆದರೆ ಎರಡು ಹಾಕಿ ನೋಡಿ, ಒಂದು ಒತ್ತಿಗೆ ಒಂದೇ ಹೋಗುತ್ತದೆಯೇ ಅಂತ. ಮ್ಯಾಗಜಿನ್ ಹಿಡಿಯುವ ಎಂಟನ್ನೂ ತುಂಬುವುದು ಅದಾದ ಮೇಲೆ.