ಕಾರವಾರದ ಮಳೆಗಾಲದಲ್ಲಿ ಲೋಟಸ್ 49 ರೇಸ್ ಕಾರಿನ ಮಾಡೆಲ್‌ಗೆ ಲ್ಯಾಕರ್ ಬಣ್ಣ ಹೊಡೆದೆ, ಬಿಳಿಚಿಕೊಂಡಿತು. ಯಾಕೆ?
ತಪ್ಪು ನಿಮ್ಮ ಕೈಯದಲ್ಲ, ನಮ್ಮೂರ ಗಾಳಿಯದು. ಲ್ಯಾಕರ್ ತೆಳು ಮಾಡಲು ಬೆರೆಸುವ ತಿನ್ನರ್ ಬೇಗ ಆರುತ್ತದೆ. ಆರುವಾಗ ಮೇಲ್ಮೈ ತಣ್ಣಗಾಗಿ ಗಾಳಿಯ ತೇವ ಅಲ್ಲೇ ಕೂರುತ್ತದೆ. ಅದೇ ಆ ಹಾಲಿನಂಥ ಮಬ್ಬು. ಆಷಾಢದಲ್ಲಿ ಇಲ್ಲಿ ಒಗೆದ ಬಟ್ಟೆಯೇ ಮೂರು ದಿನ ಒಣಗಲ್ಲ, ಇನ್ನು ಬಣ್ಣದ್ದೇನು!

ಮಳೆ ಬಿಟ್ಟ ದಿನ ನೋಡಿ, ರಿಟಾರ್ಡರ್ ಇರುವ, ಅಂದರೆ ನಿಧಾನವಾಗಿ ಆರುವ ತಿನ್ನರ್ ಬೆರೆಸಿ ತೆಳುವಾಗಿ ಹೊಡೆಯಿರಿ. ಈಗ ಬಿಳಿಚಿದ್ದನ್ನು ಉಜ್ಜಬೇಡಿ. ಅದೇ ತಿನ್ನರನ್ನು ಮಂಜಿನ ಹಾಗೆ ಹಾಯಿಸಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಅಡುಗೆಮನೆಯಲ್ಲಿ ಮಾತ್ರ ಬೇಡ, ಅದರ ಆವಿಗೆ ಬೆಂಕಿ ಹತ್ತುತ್ತದೆ.

ಲೋಟಸ್ 49 ಅಂದಿರಿ ಅಲ್ವಾ? ಹಳದಿ ಪಟ್ಟಿ ಮೊದಲು, ಬಿಳಿ ಪ್ರೈಮರ್ ಮೇಲೆ. ಆಮೇಲೆ ಟೇಪ್ ಹಚ್ಚಿ ಹಸಿರು. ಹಸಿರಿನ ಮೇಲೆ ಹಳದಿ ಹೊಡೆದರೆ ಎಷ್ಟು ಕೋಟ್ ಕೊಟ್ಟರೂ ಕೊಳೆ ಹಳದಿಯೇ. 1967ರಲ್ಲಿ ರೇಸ್ ಚಾಲಕ ಜಿಮ್ ಕ್ಲಾರ್ಕ್ ನೆದರ್‌ಲ್ಯಾಂಡ್ಸ್‌ನ ಜಾಂಡ್ವೂರ್ಟ್‌ನಲ್ಲಿ ಗೆದ್ದ ಕಾರು ಮಾಡುವುದಾದರೆ ರೆಕ್ಕೆ ಅಂಟಿಸಬೇಡಿ, ಅವು ಬಂದದ್ದು 1968ರಲ್ಲಿ. ಆ ಕಾರಿನ ಅಂದವೆಲ್ಲ ಹಿಂದಿದೆ, ತೆರೆದೇ ಕಾಣುವ ಎಂಟು ಸಿಲಿಂಡರಿನ ವಿ8 ಎಂಜಿನ್‌ನಲ್ಲಿ. ಎಂಟೂ ಸ್ಪಾರ್ಕ್ ಪ್ಲಗ್‌ಗೆ ವೈರ್ ಎಳೆಯಿರಿ. ನಾನು ಕೆಟ್ಟ ಇಯರ್‌ಫೋನ್ ಒಳಗಿನ ತಂತಿಯನ್ನೇ ಬಳಸುತ್ತೇನೆ.