ಕುತ್ತಿಗೆಯ ಬಿಳಿ ಮಚ್ಚೆ: ಬ್ಲೀಚ್ ಮಾಡುವ ಮುನ್ನ
ನಿಮ್ಮ ಪಾರ್ಲರಿಗೆ ಬಂದವರ ಕುತ್ತಿಗೆ, ಬೆನ್ನಿನ ಮೇಲೆ ಬೇಸಿಗೆಯಲ್ಲಿ ಎದ್ದಿರುವ ಮಸುಕು ಬಿಳಿ ಮಚ್ಚೆಗಳು ತೊನ್ನಿಗಿಂತ ಹೆಚ್ಚಾಗಿ ಚಿಬ್ಬು ಇರಬೇಕು. ಚರ್ಮದಲ್ಲಿ ಸಹಜವಾಗಿಯೇ ಇರುವ ಯೀಸ್ಟ್ ಬೆವರಿಗೆ ಹೆಚ್ಚಿ ಹೀಗಾಗುತ್ತದೆ, ಕಲಬುರಗಿಯ ಬಿಸಿಲಿನಲ್ಲಿ ಇದು ಅಪರೂಪವೇನಲ್ಲ.

ಮೊದಲು ಹಗಲು ಬೆಳಕಿನಲ್ಲಿ ಮಚ್ಚೆಯ ಚರ್ಮವನ್ನು ಎರಡು ಬೆರಳಿನಿಂದ ಮೆಲ್ಲಗೆ ಹಿಗ್ಗಿಸಿ ನೋಡಿ. ಸಣ್ಣ ಹೊಟ್ಟು ಎದ್ದರೆ ಚಿಬ್ಬಿನ ಸಾಧ್ಯತೆ ಬಲವಾಗುತ್ತದೆ. ತೊನ್ನಿನಲ್ಲಿ ಹೊಟ್ಟು ಇರುವುದಿಲ್ಲ. ಬಣ್ಣ ಸುಣ್ಣದಂತೆ ಅಚ್ಚ ಬಿಳಿ, ಅಂಚು ಸ್ಪಷ್ಟ, ಕೆಲವೊಮ್ಮೆ ಅಲ್ಲಿನ ಕೂದಲೂ ಬೆಳ್ಳಗಾಗಿರುತ್ತದೆ.

ಬಳಿಕ ಅವರ ಕಣ್ಣು ಮುಚ್ಚಿಸಿ, ಹತ್ತಿಯ ಎಳೆಯಿಂದ ಮಚ್ಚೆಯನ್ನೂ ಪಕ್ಕದ ಚರ್ಮವನ್ನೂ ಮುಟ್ಟಿ ಕೇಳಿ. ಇದನ್ನು ದಯವಿಟ್ಟು ಬಿಡಬೇಡಿ. ಮಚ್ಚೆಯಲ್ಲಿ ಸ್ಪರ್ಶ ತಿಳಿಯದಿದ್ದರೆ ಕುಷ್ಠರೋಗದ ಸಂಶಯವಿರುವುದರಿಂದ, ಬೇರೆ ಗ್ರಾಹಕರ ಎದುರು ಹೇಳದೆ, ಹೆದರಿಸದೆ, ಸರ್ಕಾರಿ ಆಸ್ಪತ್ರೆಗೆ ಕಳುಹಿಸಿ. ಔಷಧಿ ಅಲ್ಲಿ ಉಚಿತ, ಕಾಯಿಲೆ ಪೂರ್ಣ ಗುಣವಾಗುತ್ತದೆ. ಸ್ಪರ್ಶ ಸರಿಯಿದ್ದ ಮಾತ್ರಕ್ಕೆ ಕುಷ್ಠವಲ್ಲವೆಂದು ಖಚಿತವಾಗುವುದಿಲ್ಲ, ನಿರ್ಧಾರ ಚರ್ಮವೈದ್ಯರದ್ದೇ.

ಅವರು ನೋಡುವವರೆಗೆ ಆ ಜಾಗಕ್ಕೆ ಬ್ಲೀಚ್, ಸ್ಕ್ರಬ್, ವ್ಯಾಕ್ಸ್ ಯಾವುದೂ ಬೇಡ, ಏಕೆಂದರೆ ತೊನ್ನಾಗಿದ್ದರೆ ಗೀರಿದಲ್ಲೇ ಹೊಸ ಮಚ್ಚೆ ಏಳಬಹುದು. ಚಿಬ್ಬೇ ಆಗಿದ್ದರೆ, ಚಿಕಿತ್ಸೆಯ ನಂತರವೂ ಬಣ್ಣ ಮರಳಲು ಕೆಲವು ತಿಂಗಳು ಹಿಡಿಯುತ್ತದೆಂದು ಮೊದಲೇ ತಿಳಿಸಿ.